ಡ್ರೋನಿನ ಮೈಮೇಲೆ ನೋಂದಣಿ ಸಂಖ್ಯೆ: ಎಲ್ಲಿ ಹಚ್ಚಬೇಕು, ಉದುರದಂತೆ ಹೇಗೆ ಹಚ್ಚಬೇಕು

ಅಮೆರಿಕದಲ್ಲಿ ಹವ್ಯಾಸಕ್ಕೆಂದು ಡ್ರೋನ್ ಕೊಂಡ ನಮ್ಮವರಲ್ಲಿ ಬಹಳಷ್ಟು ಜನ ನೋಂದಣಿಯನ್ನೇನೋ ಮಾಡಿಸುತ್ತಾರೆ. ಸಂಖ್ಯೆ ಇಮೇಲಿಗೆ ಬರುತ್ತದೆ, ಕೆಲಸ ಅಲ್ಲಿಗೆ ನಿಂತುಬಿಡುತ್ತದೆ. ಕನ್ನಡ ಕೂಟದ ಪಿಕ್ನಿಕ್‌ಗಳಲ್ಲಿ, ವಾರಾಂತ್ಯದ ಪಾರ್ಕುಗಳಲ್ಲಿ ನಾನು ಕಂಡಿರುವ ಡ್ರೋನ್‌ಗಳ ಸ್ಥಿತಿ ಇದು: ಸಂಖ್ಯೆ ಇರುವುದೇ ಇಲ್ಲ, ಇದ್ದರೆ ಬ್ಯಾಟರಿಯ ಮೇಲಿರುತ್ತದೆ, ಅಲ್ಲೂ ಇಲ್ಲದಿದ್ದರೆ ಅರ್ಧ ಎದ್ದು ಪಟಪಟ ಎನ್ನುವ ಕಾಗದದ ಚೀಟಿಯಲ್ಲಿ, ಓದಲಾಗದಷ್ಟು ಮಾಸಿರುತ್ತದೆ. ಈ ಮೂರೂ ನಿಯಮಕ್ಕೆ ವಿರುದ್ಧ. ಸರಿಯಾಗಿ ಮಾಡಿದರೆ ಅರ್ಧ ಗಂಟೆಯ ಕೆಲಸವಷ್ಟೇ.

ನಿಮ್ಮ ಡ್ರೋನಿಗೆ ಇದು ಬೇಕೇ?

ಬರೀ ಹವ್ಯಾಸಕ್ಕೆ ಹಾರಿಸುವುದಾದರೆ 0.55 ಪೌಂಡ್, ಅಂದರೆ 250 ಗ್ರಾಂ ಒಳಗಿನ ಡ್ರೋನಿಗೆ ನೋಂದಣಿ ಬೇಡ. ಅದಕ್ಕಿಂತ ಹೆಚ್ಚು, 55 ಪೌಂಡಿಗಿಂತ ಕಡಿಮೆ ಇದ್ದರೆ ಬೇಕು. ಲೆಕ್ಕಕ್ಕೆ ಬರುವುದು ಹಾರುವ ಹೊತ್ತಿನ ಪೂರ್ತಿ ತೂಕ. 249 ಗ್ರಾಂ ಎಂದು ಡಬ್ಬಿಯ ಮೇಲೆ ಬರೆದಿರುವ ಡ್ರೋನಿಗೆ ದೊಡ್ಡ ಬ್ಯಾಟರಿ ಹಾಕಿದರೆ ಅಥವಾ ಪ್ರೊಪೆಲ್ಲರ್ ಗಾರ್ಡ್ ಕಟ್ಟಿದರೆ ಅದು ಗೆರೆ ದಾಟಿದಂತೆಯೇ. ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ನೋಡಿಬಿಡಿ. ಮದುವೆ ಚಿತ್ರೀಕರಣವೋ ಮನೆ ಮಾರಾಟದ ಫೋಟೋಗಳೋ, ಬೇರೆ ಏನಾದರೂ ದುಡಿಮೆಗೆ ಹಾರಿಸುತ್ತೀರಾದರೆ ತೂಕದ ವಿನಾಯಿತಿ ನಿಮಗಿಲ್ಲ, ನಿಯಮವೂ ಬೇರೆ.

ನೋಂದಣಿಯನ್ನು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎಯ ಡ್ರೋನ್‌ಝೋನ್ ಜಾಲತಾಣದಲ್ಲೇ ಮಾಡಿ. ಶುಲ್ಕ 5 ಡಾಲರ್, ಅವಧಿ ಮೂರು ವರ್ಷ. ಹುಡುಕಿದಾಗ ಮೊದಲು ಕಾಣುವ, ಸರ್ಕಾರದ ತಾಣದಂತೆಯೇ ತೋರುವ ಕೆಲವು ತಾಣಗಳು ಇದರ ಹಲವು ಪಟ್ಟು ಹಣ ಕೀಳುತ್ತವೆ. ವಿಳಾಸದ ಕೊನೆಯಲ್ಲಿ ಡಾಟ್ ಗವ್ ಇಲ್ಲದಿದ್ದರೆ ಹೊರಗೆ ಬನ್ನಿ. ಎಚ್-1ಬಿ ವೀಸಾದಲ್ಲಿ ಇರುವವರೂ ಇದೇ ತಾಣದಲ್ಲಿ ಮಾಡಿಸಬೇಕು. ಕಾಗದದಲ್ಲಿ ಅದು ನೋಂದಣಿಯ ಬದಲು ಮಾಲೀಕತ್ವದ ಮಾನ್ಯತೆ ಎನಿಸಿಕೊಳ್ಳುತ್ತದೆ, ವ್ಯತ್ಯಾಸ ಅಷ್ಟೇ. ಮಗುವಿಗೆ ಇನ್ನೂ 13 ತುಂಬಿಲ್ಲವೆಂದರೆ ಅಪ್ಪ ಅಥವಾ ಅಮ್ಮನ ಹೆಸರಲ್ಲಿ ಮಾಡಿಸಿ.

ಹವ್ಯಾಸಿಗಳಿಗೆ ಇರುವ ದೊಡ್ಡ ಅನುಕೂಲವೆಂದರೆ ಒಬ್ಬರಿಗೆ ಒಂದೇ ಸಂಖ್ಯೆ. ನಿಮ್ಮ ಹತ್ತಿರ ನಾಲ್ಕು ಡ್ರೋನ್ ಇದ್ದರೂ, ಜೊತೆಗೆ ಫೋಮ್ ವಿಮಾನ ಒಂದಿದ್ದರೂ ಎಲ್ಲಕ್ಕೂ ಅದೇ ಸಂಖ್ಯೆ. ಅದು ಎಫ್‌ಎ ಎಂಬ ಅಕ್ಷರಗಳಿಂದ ಶುರುವಾಗುತ್ತದೆ. ತಯಾರಕರು ಅಂಟಿಸಿ ಕಳಿಸಿರುವ ಸೀರಿಯಲ್ ನಂಬರನ್ನು ತೋರಿಸಿ ‘ಇಲ್ಲೇ ಇದೆಯಲ್ಲ’ ಎನ್ನುವವರಿದ್ದಾರೆ. ಅದು ಬೇರೆ, ಇದು ಬೇರೆ. ಮಾಡೆಲ್ ವಿಮಾನದ ಸಂಘವಾದ ಎಎಂಎಯ ಸದಸ್ಯತ್ವ ಸಂಖ್ಯೆಯೂ ಇದರ ಬದಲಿಗೆ ನಡೆಯುವುದಿಲ್ಲ.

ರಿಮೋಟ್ ಐಡಿ ಇದೆಯಲ್ಲ?

ಈ ಪ್ರಶ್ನೆ ಈಗ ಹೆಚ್ಚಾಗಿ ಬರುತ್ತಿದೆ. ನೋಂದಣಿ ಬೇಕಾದ ಡ್ರೋನ್‌ಗಳು ಹಾರುವಾಗ ತಮ್ಮ ಗುರುತನ್ನು ರೇಡಿಯೊ ಸಂಕೇತದಲ್ಲಿ ಬಿತ್ತರಿಸಬೇಕೆಂಬ ನಿಯಮ 2023ರ ಸೆಪ್ಟೆಂಬರ್ 16ರಿಂದ ಇದೆ. ಪಾಲಿಸದವರ ಮೇಲೆ ಕ್ರಮ ಶುರುವಾದದ್ದು 2024ರ ಮಾರ್ಚ್ 16ರ ನಂತರ. ಹಾಗಾಗಿ ಲೇಬಲ್ಲಿನ ಕಾಲ ಮುಗಿಯಿತು ಎಂದುಕೊಂಡವರು ಬಹಳ. ಮುಗಿದಿಲ್ಲ. ರೇಡಿಯೊ ಸಂಕೇತ ಹಾರುತ್ತಿರುವ ಡ್ರೋನಿನದು. ಬ್ಯಾಟರಿ ಸತ್ತು ಯಾರದೋ ಹಿತ್ತಲಿನಲ್ಲಿ ಬಿದ್ದಿರುವ ಡ್ರೋನ್ ಯಾರದೆಂದು ಹೇಳುವುದು ಅದರ ಮೈಮೇಲಿನ ಅಕ್ಷರ ಮಾತ್ರ. ಎರಡೂ ಬೇಕು. ಡ್ರೋನ್‌ಝೋನ್ ಖಾತೆಯಲ್ಲಿ ರಿಮೋಟ್ ಐಡಿಯ ಸೀರಿಯಲ್ ನಂಬರನ್ನು ನಮೂದಿಸುವುದನ್ನೂ ಇದೇ ಹೊತ್ತಿನಲ್ಲಿ ಮುಗಿಸಿಬಿಡಿ. ಅದು ಡ್ರೋನಿನ ಆ್ಯಪ್‌ನಲ್ಲಿ ಸಿಗುತ್ತದೆ, ಡಿಜೆಐ ಡ್ರೋನ್‌ಗಳಲ್ಲಿ ಸಾಮಾನ್ಯವಾಗಿ 1581ರಿಂದ ಶುರುವಾಗುತ್ತದೆ.

ಜಾಗ ಹುಡುಕುವುದು

ಬಹುತೇಕರು ಎಡವುವುದು ಇಲ್ಲಿ. 2015ರ ಡಿಸೆಂಬರ್‌ನಲ್ಲಿ ನೋಂದಣಿ ಶುರುವಾದಾಗ ಸಂಖ್ಯೆಯನ್ನು ಬ್ಯಾಟರಿ ಗೂಡಿನೊಳಗೆ ಬರೆಯಬಹುದಿತ್ತು, ಉಪಕರಣವಿಲ್ಲದೆ ಬಾಗಿಲು ತೆರೆಯುವಂತಿದ್ದರೆ ಸಾಕಿತ್ತು. ಇವತ್ತಿಗೂ ಹಳೆಯ ವಿಡಿಯೊಗಳು ಅದನ್ನೇ ಹೇಳಿಕೊಡುತ್ತವೆ. 2019ರ ಫೆಬ್ರುವರಿಯಿಂದ ಅದು ರದ್ದಾಗಿದೆ. ಕಾರಣ ಗಂಭೀರವಾದದ್ದು: ಗೂಡಿನೊಳಗೆ ಸ್ಫೋಟಕ ಅಡಗಿಸಿಟ್ಟರೆ ಸಂಖ್ಯೆ ಓದಲು ಮುಚ್ಚಳ ತೆರೆಯುವ ಪೊಲೀಸರ ಪ್ರಾಣಕ್ಕೇ ಕುತ್ತು ಎಂದು ಭದ್ರತಾ ಅಧಿಕಾರಿಗಳು ಎಚ್ಚರಿಸಿದರು. ಈಗ ಸಂಖ್ಯೆ ಹೊರಮೈಯಲ್ಲೇ ಇರಬೇಕು. ಏನನ್ನೂ ಬಿಚ್ಚದೆ, ಸುತ್ತ ಬಂದು ನೋಡಿದರೆ ಕಾಣಬೇಕು. ಇಷ್ಟೇ ಎತ್ತರದ ಅಕ್ಷರ ಎಂದು ಎಫ್‌ಎಎ ಹೇಳಿಲ್ಲ. ಓದುವಂತಿರಬೇಕು, ಹಾರಾಟದ ಉದ್ದಕ್ಕೂ ಅಂಟಿಕೊಂಡಿರಬೇಕು, ಅಷ್ಟೇ. ಐದು ಮಿಲಿಮೀಟರಿಗಿಂತ ಚಿಕ್ಕದಾಗಿ ಬರೆಯಬೇಡಿ ಎಂದು ನಾನು ಹೇಳುತ್ತೇನೆ. ಓದುವ ಕನ್ನಡಕ ಹಾಕುವ ಹಿರಿಯರೊಬ್ಬರ ಕೈಗೆ ಕೊಟ್ಟು ಓದಿಸಿ, ತಡವರಿಸಿದರೆ ದೊಡ್ಡದು ಮಾಡಿ.

ಮಡಚುವ ಡ್ರೋನ್‌ಗಳಲ್ಲಿ ‘ಹೊರಮೈ’ ಅನ್ನುವುದು ಮೋಸ ಮಾಡುತ್ತದೆ. ಹಲವು ಮಾದರಿಗಳಲ್ಲಿ ಬೆನ್ನಿನ ಭಾಗವೇ ಬ್ಯಾಟರಿ. ನುಣುಪಾಗಿ ಅಗಲವಾಗಿ ಇರುವುದರಿಂದ ಎಲ್ಲರ ಕೈ ಅಲ್ಲಿಗೇ ಹೋಗುತ್ತದೆ. ಎರಡನೇ ಬ್ಯಾಟರಿ ಹಾಕಿದ ಗಳಿಗೆಯಲ್ಲಿ ನಿಮ್ಮ ಡ್ರೋನ್ ಗುರುತಿಲ್ಲದ ಡ್ರೋನ್ ಆಗುತ್ತದೆ, ಆದ್ದರಿಂದ ಮೊದಲು ಬ್ಯಾಟರಿ ತೆಗೆದಿಟ್ಟು ಉಳಿದ ಮೈಯನ್ನು ಮಾತ್ರ ನೋಡಿ. ಪಕ್ಕೆಯಲ್ಲಿ ತೋಳು ಮಡಚಿಕೊಂಡು ಕೂರುವ ಜಾಗ ಬೇಡ, ಪ್ರತಿ ಸಲ ಉಜ್ಜಿ ಉಜ್ಜಿ ಲೇಬಲ್ಲಿನ ಅಂಚು ಎದ್ದುಬಿಡುತ್ತದೆ. ಹೊಟ್ಟೆಯ ಕೆಳಗೆ ಸಣ್ಣ ಕಣ್ಣುಗಳಂತೆ ಇರುವವು ನೆಲ ನೋಡುವ ಸಂವೇದಕಗಳು. ಅವುಗಳ ಮೇಲೆ ಚೂರು ಟೇಪು ಹಾಯ್ದರೂ ಡ್ರೋನ್ ಇಳಿಯುವಾಗ ತೂರಾಡುತ್ತದೆ. ಗಾಳಿ ಹೋಗುವ ಸೀಳುಗಳನ್ನು ಮುಚ್ಚಿದರೆ ಒಳಗೆ ಕಾವೇರುತ್ತದೆ. ಪ್ರೊಪೆಲ್ಲರ್ ಮೇಲೆ ಬರೆಯುವ ಯೋಚನೆಯನ್ನೇ ಬಿಡಿ. ತೋಳುಗಳ ಮೇಲೆ ಬರೆಯುವುದು ತಪ್ಪಲ್ಲ, ಆದರೆ ಬಿದ್ದಾಗ ಮೊದಲು ಮುರಿಯುವುದೂ ಬದಲಾಗುವುದೂ ತೋಳೇ. ಇಷ್ಟನ್ನೂ ಕಳೆದರೆ ಉಳಿಯುವುದು ಸಾಮಾನ್ಯವಾಗಿ ಪಕ್ಕೆಯ ಹಿಂಭಾಗ, ಇಲ್ಲವೇ ಹೊಟ್ಟೆಯಲ್ಲಿ ಸಂವೇದಕಗಳಿಂದ ದೂರವಿರುವ ಸಪಾಟು ಪಟ್ಟಿ. ನನ್ನ ಆಯ್ಕೆ ಯಾವಾಗಲೂ ಪಕ್ಕೆಯೇ; ಒದ್ದೆ ಹುಲ್ಲಿನ ಮೇಲೆ ಇಳಿಸಿದರೂ ಅದು ತೊಯ್ಯುವುದಿಲ್ಲ.

ಲೋಹದ ತಗಡಿನಲ್ಲಿ ಕೊರೆದ ಬಿಲ್ಲೆಗಳು ಮಾರಾಟಕ್ಕಿವೆ. ನೋಡಲು ಚೆನ್ನ. ಆದರೆ ಜಿಪಿಎಸ್ ಆಂಟೆನಾ ಬಹಳ ಡ್ರೋನ್‌ಗಳಲ್ಲಿ ಬೆನ್ನಿನ ಕವಚದ ಕೆಳಗೇ ಇರುತ್ತದೆ, ಅದರ ಮೇಲೆ ಲೋಹ ಕೂರಿಸಿದರೆ ಉಪಗ್ರಹದ ಸಂಕೇತ ಕುಗ್ಗುತ್ತದೆ. ಇನ್ನು ದಾರದಲ್ಲಿ ನೇತುಹಾಕುವ ಬಿಲ್ಲೆಯನ್ನಂತೂ ಕೊಳ್ಳಲೇಬೇಡಿ. ಗಾಳಿಗೆ ತಿರುಗಿ ಪ್ರೊಪೆಲ್ಲರಿಗೆ ಸಿಕ್ಕರೆ ಡ್ರೋನ್ ಕೆಳಗಿರುವವರ ತಲೆಯ ಮೇಲೆ ಬೀಳುತ್ತದೆ.

ಯಾವ ಲೇಬಲ್?

ಪ್ಲಾಸ್ಟಿಕ್ ಮೈಗೆ ಲ್ಯಾಮಿನೇಟ್ ಆದ ಟೇಪಿನಲ್ಲಿ ಮುದ್ರಿಸಿದ ಲೇಬಲ್ಲೇ ಸರಿ. ಬ್ರದರ್ ಕಂಪನಿಯ ಪಿ-ಟಚ್ ಯಂತ್ರದಲ್ಲಿ ಹಾಕುವ 12 ಮಿ.ಮೀ. ಅಗಲದ, ಬಿಳಿಯ ಮೇಲೆ ಕಪ್ಪು ಅಕ್ಷರದ ಟೇಪು ನನ್ನ ಮೆಚ್ಚಿನದು. ಅದರಲ್ಲೇ ಹೆಚ್ಚು ಅಂಟಿನ ಬಗೆ ಸಿಗುತ್ತದೆ, ಅದನ್ನೇ ತನ್ನಿ. ಅಕ್ಷರದ ಮೇಲೆ ಪಾರದರ್ಶಕ ಪದರ ಇರುವುದರಿಂದ ಬೆವರು, ನೀರು, ಬಿಸಿಲಿಗೆ ಅಳಿಯುವುದಿಲ್ಲ. ಯಂತ್ರ ಕೊಳ್ಳಬೇಕಿಲ್ಲ, ಆಫೀಸಿನಲ್ಲೋ ಮಕ್ಕಳ ಶಾಲೆಯಲ್ಲೋ ಇದ್ದೇ ಇರುತ್ತದೆ, ಕೇಳಿ ಮುದ್ರಿಸಿಕೊಳ್ಳಿ.

ಪಾರ್ಸೆಲ್‌ಗಳಿಗೆ ಹಚ್ಚುವಂಥ ಥರ್ಮಲ್ ಕಾಗದದ ಸ್ಟಿಕ್ಕರ್ ಬೇಡ. ಅದರಲ್ಲಿ ಶಾಯಿಯೇ ಇಲ್ಲ, ಶಾಖಕ್ಕೆ ಕಪ್ಪಾಗುವ ಕಾಗದ ಅದು. ಟೆಕ್ಸಾಸ್‌ನ ಬೇಸಿಗೆಯಲ್ಲಿ ಕಾರಿನೊಳಗೆ ಒಂದು ಮಧ್ಯಾಹ್ನ ಬಿಟ್ಟರೆ ಮಸಿ ಬಳಿದಂತೆ ಕಪ್ಪಾಗಬಹುದು. ಇಂಕ್‌ಜೆಟ್‌ನಲ್ಲಿ ಮುದ್ರಿಸಿ ಮೇಲೆ ಸೆಲ್ಲೋಟೇಪು ಹಚ್ಚುವ ಅಡ್ಡದಾರಿಯೂ ಬಾಳುವುದಿಲ್ಲ, ಅಂಚಿನಿಂದ ತೇವ ನುಗ್ಗಿ ಶಾಯಿ ಹರಡುತ್ತದೆ. ಎಫ್‌ಎಎ ಲಾಂಛನ ಹಾಕಿ ದುಬಾರಿಗೆ ಮಾರುವ ‘ಅಧಿಕೃತ’ ಸ್ಟಿಕ್ಕರ್‌ಗಳಿಗೆ ಬೆಲೆ ಕೊಡಬೇಡಿ. ಅಧಿಕೃತ ಸ್ಟಿಕ್ಕರ್ ಎಂಬುದೇ ಇಲ್ಲ.

ಸಂಖ್ಯೆಯನ್ನು ನೆನಪಿನಿಂದ ಬರೆಯಬೇಡಿ, ಡ್ರೋನ್‌ಝೋನ್ ಪುಟದಿಂದಲೇ ನಕಲು ಮಾಡಿ. ಇಂಗ್ಲಿಷಿನ ಓ ಅಕ್ಷರ ಮತ್ತು ಸೊನ್ನೆ, ಐ ಅಕ್ಷರ ಮತ್ತು ಒಂದು ಇವುಗಳ ಗೊಂದಲದಲ್ಲಿ ತಪ್ಪು ಸಂಖ್ಯೆ ಅಂಟಿಸಿಕೊಂಡು ಹಾರಿಸುವವರಿದ್ದಾರೆ. ಸೊನ್ನೆಯೊಳಗೆ ಓರೆಗೆರೆ ಇರುವ ಅಕ್ಷರಶೈಲಿ ಸಿಕ್ಕರೆ ಅದನ್ನೇ ಆರಿಸಿ. ಅಲಂಕಾರದ ಅಕ್ಷರ ಬೇಡ.

ಅಂಟಿಸುವುದು

ಲೇಬಲ್ ಉದುರುವುದಕ್ಕೆ ಅಂಟಿಗಿಂತ ಹೆಚ್ಚಾಗಿ ಕಾರಣವಾಗುವುದು ಬೆರಳಿನ ಜಿಡ್ಡು. ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ. ಔಷಧಿ ಅಂಗಡಿಯಲ್ಲಿ ಸಿಗುವ ಒಂಟಿ ಪೊಟ್ಟಣದ ಆಲ್ಕೋಹಾಲ್ ಒರೆಸಣಿಗೆಯೂ ಆಗುತ್ತದೆ, ಆದರೆ ಸುಗಂಧ ಮತ್ತು ಅಲೋವೆರಾ ಬೆರೆಸಿದ್ದು ಬೇಡ, ಅದೇ ಜಿಡ್ಡು ಬಿಟ್ಟುಹೋಗುತ್ತದೆ. ಉಗುರು ಬಣ್ಣ ತೆಗೆಯುವ ದ್ರಾವಣವನ್ನು ಹತ್ತಿರ ತರಬೇಡಿ. ಅದರಲ್ಲಿರುವ ಅಸಿಟೋನ್ ಕವಚದ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಒರೆಸಿದ ಮೇಲೆ ಪೂರ್ತಿ ಆರಲು ಬಿಡಿ.

ಲೇಬಲ್ಲಿನ ನಾಲ್ಕೂ ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಕತ್ತರಿಸಿ. ಚೂಪು ಮೂಲೆಯೇ ಮೊದಲು ಏಳುವುದು. ದುಂಡಗಿದ್ದರೆ ಉಗುರಿಗೂ ಚೀಲದ ಬಟ್ಟೆಗೂ ಸಿಕ್ಕುವುದಿಲ್ಲ. ಹಿಂದಿನ ಕಾಗದದ ನಡುವೆ ಸೀಳಿರುತ್ತದೆ, ಲೇಬಲ್ಲನ್ನು ಉದ್ದಕ್ಕೆ ಮೆಲ್ಲಗೆ ಬಗ್ಗಿಸಿದರೆ ಅದು ಬಾಯಿ ಬಿಡುತ್ತದೆ. ಅರ್ಧ ಕಾಗದ ಮಾತ್ರ ತೆಗೆದು, ಆ ಅಂಚನ್ನು ಕೂರಿಸಿ, ನೇರವಾಗಿದೆಯೇ ನೋಡಿ, ಆಮೇಲೆ ಉಳಿದರ್ಧ ಎಳೆಯುತ್ತ ಒತ್ತಿಕೊಂಡು ಹೋಗಿ. ಅಂಟನ್ನು ಬೆರಳಿನಿಂದ ಮುಟ್ಟಬೇಡಿ. ಕೊನೆಗೆ ಹೆಬ್ಬೆರಳಿನಿಂದ ನಡುವಿನಿಂದ ಅಂಚಿನ ಕಡೆಗೆ ಗಟ್ಟಿಯಾಗಿ ಉಜ್ಜಿ. ಉಬ್ಬುತಗ್ಗಿನ ಮೈಯಾದರೆ ಒತ್ತಡ ಇನ್ನೂ ಹೆಚ್ಚು ಬೇಕು.

ಇದನ್ನು ಮನೆಯೊಳಗೆ ಮಾಡಿ. ಚಳಿಗಾಲದಲ್ಲಿ ಷಿಕಾಗೊದ ಗ್ಯಾರೇಜಿನಲ್ಲಿ ನಿಂತು ಹಚ್ಚಿದರೆ ತಣ್ಣಗಿನ ಅಂಟು ಹಿಡಿಯುವುದೇ ಇಲ್ಲ. ಹಚ್ಚಿದ ಮೇಲೆ ಒಂದು ದಿನ ಹಾರಿಸಬೇಡಿ, ಈ ಬಗೆಯ ಅಂಟು ನಿಧಾನಕ್ಕೆ ಬಿಗಿಯಾಗುತ್ತದೆ. ಹುಡುಗರಿಗೆ ಈ ಒಂದು ದಿನ ಕಾಯುವುದೇ ಕಷ್ಟ, ಆದರೆ ಬಿಟ್ಟುಕೊಡಬೇಡಿ.

ಫೋಮ್ ವಿಮಾನ, ಕಾರ್ಬನ್ ಚೌಕಟ್ಟು

ಫೋಮ್ ಮೇಲೆ ಲೇಬಲ್ ನಿಲ್ಲುವುದಿಲ್ಲ. ಕೀಳುವಾಗ ಫೋಮ್ ಕಾಳುಗಳನ್ನೂ ಕಿತ್ತುಕೊಂಡು ಬರುತ್ತದೆ. ಅಲ್ಲಿ ಶಾಶ್ವತ ಮಾರ್ಕರ್ ಪೆನ್ನೇ ಸೂಕ್ತ. ಬಿಳಿ ಥರ್ಮೊಕೋಲಿನಂಥ ಫೋಮನ್ನು ಕೆಲವು ಮಾರ್ಕರ್‌ಗಳು ತಿಂದುಹಾಕುತ್ತವೆ, ಮೊದಲು ಕಾಣದ ಕಡೆ ಒಂದು ಚುಕ್ಕೆ ಇಟ್ಟು ಪರೀಕ್ಷಿಸಿ. ರೆಕ್ಕೆ ಬಿಚ್ಚಿ ಬೇರೆಯಾಗುವುದರಿಂದ ಸಂಖ್ಯೆಯನ್ನು ಒಡಲಿನ ಮೇಲೆ ಬರೆಯಿರಿ.

ಕೈಯಾರೆ ಕಟ್ಟಿದ ರೇಸಿಂಗ್ ಡ್ರೋನ್‌ಗಳ ಕಾರ್ಬನ್ ಹಲಗೆಗೆ ಬಿಳಿ ಅಥವಾ ಬೆಳ್ಳಿ ಬಣ್ಣದ ಪೇಂಟ್ ಮಾರ್ಕರ್ ಬಳಸಿ, ಒಣಗಿಸಿ. ಮೇಲೆ ನೇಲ್ ಪಾಲಿಷ್ ಬಳಿದು ಕಾಪಾಡುವ ಉಪಾಯವನ್ನು ಬಹಳ ಜನ ಹೇಳುತ್ತಾರೆ; ಅದರ ದ್ರಾವಕ ಬರೆದದ್ದನ್ನೇ ಕದಡುತ್ತದೆ. ಕೊರೆಯುವ ಯಂತ್ರ ಹಿಡಿದು ಸಂಖ್ಯೆ ಕೆತ್ತಲು ಹೋಗಬೇಡಿ. ಕಾರ್ಬನ್ ಪುಡಿ ವಿದ್ಯುತ್ ಹರಿಸುತ್ತದೆ, ಸರ್ಕೀಟಿನ ಮೇಲೆ ಕೂತರೆ ಸುಟ್ಟುಹೋಗುತ್ತದೆ. ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೂ ಕೆಡುಕು. ಈ ಡ್ರೋನ್‌ಗಳು ಪದೇ ಪದೇ ಬೀಳುತ್ತವೆ, ಬಿದ್ದಾಗಲೆಲ್ಲ ಸಂಖ್ಯೆ ಉಳಿದಿದೆಯೇ ನೋಡಿಕೊಂಡೇ ಮತ್ತೆ ಹಾರಿಸಿ.

ಬೇರೆ ದೇಶದಲ್ಲಿ ಇರುವವರಿಗೆ

ಬ್ರಿಟನ್ನಿನಲ್ಲಿರುವವರು ಅಮೆರಿಕದ ನಿಯಮವನ್ನು ನಕಲು ಮಾಡಬೇಡಿ. ಅಲ್ಲಿ ಹಚ್ಚಬೇಕಾದದ್ದು ಆಪರೇಟರ್ ಐಡಿ, ಅಂದರೆ ಡ್ರೋನಿನ ಹೊಣೆ ಹೊತ್ತವರ ಸಂಖ್ಯೆ. ಹಾರಿಸುವವರ ಫ್ಲೈಯರ್ ಐಡಿ ಬೇರೆ, ಅದನ್ನು ಹಚ್ಚಕೂಡದು. ಅಕ್ಷರಗಳು 3 ಮಿಲಿಮೀಟರಿಗಿಂತ ಎತ್ತರ ಇರಬೇಕು, ಮುಖ್ಯ ಒಡಲಿನ ಮೇಲಿರಬೇಕು. ಉಪಕರಣವಿಲ್ಲದೆ ತೆರೆಯುವ ಗೂಡಿನೊಳಗೂ ಅಲ್ಲಿ ಒಪ್ಪಿಗೆ. 2026ರ ಜನವರಿ 1ರಿಂದ ಕ್ಯಾಮೆರಾ ಇರುವ, 100 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತೂಕದ ಡ್ರೋನಿಗೂ ಇದು ಬೇಕು.

ರಜೆಗೆ ಊರಿಗೆ ಹೊರಟಾಗ ಡ್ರೋನನ್ನು ಸೂಟ್‌ಕೇಸಿನಲ್ಲಿ ಹಾಕಿಕೊಳ್ಳಬೇಡಿ. ಭಾರತಕ್ಕೆ ಡ್ರೋನ್ ಆಮದನ್ನು 2022ರ ಫೆಬ್ರುವರಿಯಲ್ಲೇ ನಿಷೇಧಿಸಲಾಗಿದೆ. ಸಂಶೋಧನೆ, ರಕ್ಷಣೆಯಂಥ ಉದ್ದೇಶಗಳಿಗೆ ಮಾತ್ರ ವಿನಾಯಿತಿ. ಅಮೆರಿಕದ ಲೇಬಲ್ ಎಷ್ಟು ಅಚ್ಚುಕಟ್ಟಾಗಿದ್ದರೂ ಬೆಂಗಳೂರಿನ ಕಸ್ಟಮ್ಸ್‌ನಲ್ಲಿ ಅದಕ್ಕೆ ಬೆಲೆಯಿಲ್ಲ.

ಹಾರಿಸಲು ಹೋಗುವಾಗ ನೋಂದಣಿ ಪತ್ರ ಮತ್ತು ಟ್ರಸ್ಟ್ ಎಂಬ, ಅಮೆರಿಕದ ಹವ್ಯಾಸಿಗಳ ಸುರಕ್ಷತಾ ಪರೀಕ್ಷೆಯ ಪ್ರಮಾಣಪತ್ರ ಫೋನಿನಲ್ಲಿರಲಿ, ಪೊಲೀಸರು ಕೇಳಿದರೆ ತೋರಿಸಬೇಕು.

ಡ್ರೋನ್ ಮಾರುವಾಗ, ಗೆಳೆಯರ ಮಗನಿಗೆ ಸುಮ್ಮನೆ ಕೊಡುವಾಗಲೂ, ನಿಮ್ಮ ಸಂಖ್ಯೆಯನ್ನು ಕಿತ್ತೇ ಕೊಡಿ. ಹವ್ಯಾಸಿಯ ಸಂಖ್ಯೆ ಸೇರಿದ್ದು ಮನುಷ್ಯನಿಗೆ. ಹೊಸಬ ವಿಮಾನ ನಿಲ್ದಾಣದ ಪಕ್ಕ ಹಾರಿಸಿ ಸಿಕ್ಕಿಬಿದ್ದರೆ ಫೋನ್ ಬರುವುದು ನಿಮಗೆ. ಹೇರ್ ಡ್ರೈಯರಿನಿಂದ ಹದವಾಗಿ ಬಿಸಿ ಮಾಡಿ, ಹಲ್ಲು ಶುಚಿ ಮಾಡುವ ದಾರವನ್ನು ಲೇಬಲ್ಲಿನ ಕೆಳಗೆ ಗರಗಸದಂತೆ ಎಳೆದರೆ ಕವಚಕ್ಕೆ ಗೀರಿಲ್ಲದೆ ಬಿಟ್ಟುಕೊಳ್ಳುತ್ತದೆ; ಉಳಿದ ಅಂಟನ್ನು ಅದೇ ಆಲ್ಕೋಹಾಲ್ ಬಟ್ಟೆಯಿಂದ ಒರೆಸಿ. ಡ್ರೋನ್‌ಝೋನ್ ಪಟ್ಟಿಯಿಂದಲೂ ಆ ಡ್ರೋನನ್ನು ತೆಗೆದುಹಾಕಿ. ಹಳೆಯ ಡ್ರೋನ್ ಕೊಳ್ಳುವವರು ಇದನ್ನೇ ತಿರುಗಿಸಿ ಮಾಡಬೇಕು: ಮೊದಲು ಹಳೆಯವರ ಸಂಖ್ಯೆ ಕೀಳಿ, ನಿಮ್ಮದನ್ನು ಹಚ್ಚಿ, ಆಮೇಲೆ ಬ್ಯಾಟರಿ ಹಾಕಿ.