ಪ್ರಾರ್ಥನೆಗೆ ಕೂತಾಗ ಮನಸ್ಸು ಓಡಿದರೆ ಏನು ಮಾಡಬೇಕು?

ಕಣ್ಣು ಮುಚ್ಚಿ "ತಂದೆಯೇ" ಅಂದಿರುತ್ತೇವೆ, ಅಷ್ಟೇ. ಅಷ್ಟರಲ್ಲಿ ಕಟ್ಟಬೇಕಾದ ಕಂತು ನೆನಪಾಗುತ್ತೆ. ನಿನ್ನೆ ಯಾರೋ ಆಡಿದ ಮಾತು ನೆನಪಾಗುತ್ತೆ, ಅದಕ್ಕೆ ನಾವು ಕೊಡಬೇಕಿದ್ದ ಉತ್ತರವೂ ಈಗ ಚೆನ್ನಾಗಿ ಹೊಳೆಯುತ್ತೆ. ಐದು ನಿಮಿಷ ಬಿಟ್ಟು ನೋಡಿದರೆ ಪ್ರಾರ್ಥನೆ ಮಾಡ್ತಾ ಇರೋದು ತುಟಿ ಮಾತ್ರ. ನನಗೆ ವರ್ಷಗಟ್ಟಲೆ ಹೀಗೇ ಆಗಿದೆ. ಮೊಣಕಾಲೂರಿದ ಕಡೆಯೇ ನಿದ್ದೆ ಹೋಗಿದ್ದೂ ಇದೆ, ಅದೂ ಒಂದೆರಡು ಸಾರಿ ಅಲ್ಲ. ಗೆತ್ಸೆಮನೆ ತೋಟದಲ್ಲಿ ಯೇಸು ಪ್ರಾರ್ಥಿಸುತ್ತಿದ್ದಾಗ ಶಿಷ್ಯನಾದ ಪೇತ್ರನೂ ಅವನ ಜೊತೆಗಾರರೂ ಮಲಗಿಬಿಟ್ಟಿದ್ದನ್ನು ಓದಿದಾಗ ಒಳಗೊಳಗೇ ಸ್ವಲ್ಪ ಸಮಾಧಾನ ಆಗುತ್ತೆ.

ಹೀಗಾದಾಗ ನಾವು ಏನು ಮಾಡುತ್ತೇವೆ? ಮನಸ್ಸನ್ನು ಬೈಯುತ್ತೇವೆ. ಕಣ್ಣು ಇನ್ನೂ ಬಿಗಿಯಾಗಿ ಮುಚ್ಚುತ್ತೇವೆ. ನಾಳೆಯಿಂದ ಒಂದು ಗಂಟೆ ಪ್ರಾರ್ಥನೆ ಅಂತ ತೀರ್ಮಾನ ಮಾಡುತ್ತೇವೆ, ಮೂರನೇ ದಿನಕ್ಕೆ ಅದೂ ಮುಗಿದಿರುತ್ತೆ. ನನಗೆ ಕೆಲಸಕ್ಕೆ ಬಂದಿದ್ದು ಬೇರೆ ದಾರಿ: ಮನಸ್ಸು ಎಲ್ಲಿಗೆ ಓಡಿತೋ ಅದನ್ನೇ ದೇವರ ಹತ್ತಿರ ಹೇಳಿಬಿಡೋದು. ನಿನ್ನ ಗಂಟು ಎಲ್ಲಿದೆಯೋ ಮನಸ್ಸೂ ಅಲ್ಲೇ ಇರುತ್ತೆ ಅಂತ ಯೇಸು ಹೇಳಿದ್ದು ನಮಗೆಲ್ಲ ಬಾಯಿಪಾಠ (ಮತ್ತಾಯ 6:21). ಹಾಗಾದರೆ ಮನಸ್ಸು ಓಡಿದ ಜಾಡು ಹಿಡಿದು ಹೋದರೆ ನಮ್ಮ ಗಂಟು ಎಲ್ಲಿದೆ ಅಂತ ಗೊತ್ತಾಗುತ್ತೆ, ಅಲ್ವಾ? ಕಂತಿನ ಕಡೆ ಓಡಿತಾ, "ಕರ್ತನೇ, ದುಡ್ಡಿನ ಭಯ ನನ್ನನ್ನು ಬಿಡ್ತಾ ಇಲ್ಲ" ಅನ್ನಿ. ಯಾರ ಮೇಲೋ ಕೋಪ ಬಂತಾ, ಅವರ ಹೆಸರು ಹೇಳಿ. ಅಲಂಕಾರದ ಮಾತು ಬೇಡ.

ಇನ್ನು ಸುಮ್ನೆ ತಲೆ ತಿನ್ನುವ ಸಣ್ಣಪುಟ್ಟ ಕೆಲಸಗಳು. ಇವಕ್ಕೆ ಪಕ್ಕದಲ್ಲಿ ಒಂದು ಚೀಟಿ, ಒಂದು ಪೆನ್ ಇಟ್ಟುಕೊಳ್ಳಿ. ನೆನಪಾದ ತಕ್ಷಣ ಒಂದು ಪದ ಬರೆದು ಮತ್ತೆ ಪ್ರಾರ್ಥನೆಗೆ ಬನ್ನಿ. ಒಂದು ಬೆಳಿಗ್ಗೆ ನನ್ನ ಚೀಟಿಯಲ್ಲಿ ಮೂರು ಸಾಲು ಇತ್ತು: ಬಿಲ್ಲು, ಔಷಧಿ, ಅಕ್ಕನಿಗೆ ಫೋನ್. ಮೂರನೇದನ್ನು ಬರೆದ ಮೇಲೆ ಪೆನ್ನು ಅಲ್ಲೇ ನಿಂತಿತು. ಅಕ್ಕನ ಜೊತೆ ಮಾತು ಬಿಟ್ಟು ಎರಡು ತಿಂಗಳಾಗಿತ್ತು. ಅವತ್ತಿನ ಪ್ರಾರ್ಥನೆ ಪೂರ್ತಿ ಅದರ ಮೇಲೇ ಹೋಯಿತು, ಬೇರೆ ಏನನ್ನೂ ಕೇಳಲಿಲ್ಲ.

ಬೈಬಲ್ ಓದುವಾಗಲೂ ಇದೇ ತೊಂದರೆ. ಕಣ್ಣು ಅಧ್ಯಾಯ ಮುಗಿಸಿರುತ್ತೆ, ತಲೆಗೆ ಒಂದು ಸಾಲೂ ಹೋಗಿರಲ್ಲ. ಇದಕ್ಕೆ ಮದ್ದು ಕಡಿಮೆ ಓದೋದು, ಬಾಯಿಬಿಟ್ಟು ಓದೋದು. 1ನೇ ಕೀರ್ತನೆಯಲ್ಲಿ ಹಗಲಿರುಳು ಧ್ಯಾನಿಸುವವನು ಧನ್ಯನು ಅಂತ ಇದೆಯಲ್ಲ, ಅಲ್ಲಿರುವ ಹೀಬ್ರೂ ಪದ 'ಹಾಗಾ'. ಯೆಶಾಯನ ಪುಸ್ತಕದಲ್ಲಿ ಬೇಟೆ ಹಿಡಿದ ಸಿಂಹದ ಗುರುಗುಟ್ಟುವಿಕೆಗೂ (31:4), ಪಾರಿವಾಳದ ನರಳಾಟಕ್ಕೂ (38:14) ಅದೇ ಪದ. ಅಂದರೆ ಆ ಧ್ಯಾನ ಮೌನವಾಗಿ ಕೂರುವುದಲ್ಲ, ತನ್ನಷ್ಟಕ್ಕೆ ಗುಣುಗುಟ್ಟುವುದು. ಹಾಗಾಗಿ ಒಂದೇ ವಚನ ಹಿಡಿಯಿರಿ. ಬಾಯಲ್ಲಿ ಹೇಳಿ, ಪ್ರತಿ ಸಾರಿ ಬೇರೆ ಪದದ ಮೇಲೆ ಒತ್ತು ಹಾಕಿ. "ಕರ್ತನು ನನಗೆ ಕುರುಬನು" ಅನ್ನೋದರಲ್ಲಿ 'ನನಗೆ' ಅನ್ನುವ ಪದದ ಮೇಲೆ ಒಂದು ನಿಮಿಷ ನಿಂತು ನೋಡಿ. ವರ್ಷಕ್ಕೊಮ್ಮೆ ಇಡೀ ಸತ್ಯವೇದ ಮುಗಿಸುವ ಯೋಜನೆ ಒಳ್ಳೆಯದೇ, ಬೇಡ ಅನ್ನಲ್ಲ. ಆದರೆ ಬರೀ ಗುರುತು ಹಾಕುವುದಕ್ಕೆ ಓದುತ್ತಿದ್ದೀರಿ ಅನ್ನಿಸಿದರೆ ಸ್ವಲ್ಪ ದಿನ ಅದನ್ನು ನಿಲ್ಲಿಸಿ.

ಫೋನ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಕಣ್ಣು ಬಿಡೋ ಮುಂಚೆ ಕೈ ಅದನ್ನು ಹುಡುಕುತ್ತೆ. ಬೇರೆ ಕೋಣೆಯಲ್ಲಿಡಿ, ಅಲಾರಂಗೆ ಬೇರೆ ಗಡಿಯಾರ ಇಟ್ಟುಕೊಳ್ಳಿ.

ಬೆಳಗಿನ ಪ್ರಾರ್ಥನೆ ಏನೋ ಆಯಿತು, ಉಳಿದ ದಿನದ ಗತಿ? ಪರ್ಷಿಯದ ಅರಸನಾದ ಅರ್ತಷಸ್ತನು "ನಿನಗೆ ಏನು ಬೇಕು" ಅಂತ ಕೇಳಿದಾಗ ಅವನ ಪಾನಸೇವಕನಾಗಿದ್ದ ಯೆಹೂದ್ಯ ನೆಹೆಮೀಯ ಉತ್ತರ ಕೊಡುವ ಮೊದಲು ಪರಲೋಕದ ದೇವರನ್ನು ಪ್ರಾರ್ಥಿಸಿದ (ನೆಹೆಮೀಯ 2:4). ಪ್ರಶ್ನೆಗೂ ಉತ್ತರಕ್ಕೂ ನಡುವೆ ಎಷ್ಟು ಹೊತ್ತು ಸಿಕ್ಕಿರಬಹುದು, ಒಂದು ಉಸಿರಿನಷ್ಟು? ಇಂಥ ಪ್ರಾರ್ಥನೆ ಯಾರಾದರೂ ಮಾಡಬಹುದು. ಲಿಫ್ಟಿಗೆ ಕಾಯುವಾಗ, ಪಾತ್ರೆ ತೊಳೆಯುವಾಗ, ಇಷ್ಟವಿಲ್ಲದವರ ಫೋನ್ ಎತ್ತುವ ಮುಂಚೆ. "ಯೇಸುವೇ, ಸಹಾಯ ಮಾಡು" ಅಂದರೂ ಸಾಕು. ದಿನಾ ಮಾಡುವ ಒಂದು ಕೆಲಸ ಆರಿಸಿಕೊಂಡು ಅದಕ್ಕೆ ಇದನ್ನು ಗಂಟು ಹಾಕಿ. ನಾನು ಬಾಗಿಲು ತೆಗೆಯುವುದಕ್ಕೆ ಹಾಕಿಕೊಂಡೆ, ಹತ್ತರಲ್ಲಿ ಏಳು ಸಾರಿ ಮರೆಯುತ್ತೇನೆ. ಆದರೆ ಒಂದು ವಿಷಯ ನೋಡಿ. ನೆಹೆಮೀಯನ ಆ ಒಂದು ಉಸಿರಿನ ಹಿಂದೆ ಸುಮಾರು ನಾಲ್ಕು ತಿಂಗಳ ಪ್ರಾರ್ಥನೆ ಇತ್ತು. ಯೆರೂಸಲೇಮಿನ ಗೋಡೆ ಹಾಳಾಗಿರುವ ಸುದ್ದಿ ಕೇಳಿ ಕಿಸ್ಲೇವ್ ತಿಂಗಳಲ್ಲಿ (ನವೆಂಬರ್-ಡಿಸೆಂಬರ್) ಅತ್ತು ಉಪವಾಸ ಮಾಡಿದವನು ಅರಸನ ಮುಂದೆ ಬಾಯಿಬಿಟ್ಟಿದ್ದು ನೀಸಾನ್ ತಿಂಗಳಲ್ಲಿ (ಮಾರ್ಚ್-ಏಪ್ರಿಲ್). ಅದಕ್ಕೇ ಬೆಳಗಿನ ಹೊತ್ತನ್ನು ಬಿಟ್ಟು ಬರೀ ಲಿಫ್ಟಿನ ಪ್ರಾರ್ಥನೆ ಮೇಲೆ ಬದುಕೋಕೆ ಹೋದರೆ ಸ್ವಲ್ಪ ದಿನಕ್ಕೆ ಅದೂ ನಿಂತುಹೋಗುತ್ತೆ. ನನಗೆ ಹಾಗೇ ಆಗಿದೆ.

ಚಿಂತೆಗೆ ಪೌಲ ಒಂದು ಜರಡಿ ಕೊಟ್ಟಿದ್ದಾನೆ, ಅದೂ ಬೇಡಿಯಲ್ಲಿದ್ದಾಗ ಬರೆದ ಪತ್ರದಲ್ಲಿ (ಫಿಲಿಪ್ಪಿ 4:8). ಸತ್ಯವಾದದ್ದು, ಮಾನ್ಯವಾದದ್ದು, ನ್ಯಾಯವಾದದ್ದು, ಶುದ್ಧವಾದದ್ದು ಅಂತ ಪಟ್ಟಿ ಹೋಗುತ್ತೆ. ನನ್ನ ಚಿಂತೆಗಳಲ್ಲಿ ಮುಕ್ಕಾಲು ಪಾಲು ಮೊದಲನೇ ಪದಕ್ಕೇ ಸಿಕ್ಕಿಬೀಳುತ್ತವೆ. ಇದು ಸತ್ಯವಾ, ಅಥವಾ ಆಗಬಹುದು ಅಂತ ನಾನೇ ಕಟ್ಟಿದ ಕಥೆಯಾ? ಇದರ ಹಿಂದಿನ ವಚನದಲ್ಲಿ ದೇವರ ಶಾಂತಿ ನಿಮ್ಮ ಹೃದಯಗಳನ್ನೂ ಯೋಚನೆಗಳನ್ನೂ ಕಾಯುತ್ತೆ ಅಂತಿದೆ. ಗ್ರೀಕಿನಲ್ಲಿ ಅದು ಸೈನಿಕರ ಕಾವಲಿಗೆ ಬಳಸುತ್ತಿದ್ದ ಪದ. ಕಾವಲು ಕಾಯುವ ಕೆಲಸ ಅಲ್ಲಿ ಶಾಂತಿಯದ್ದು. ನಮ್ಮ ಪಾಲಿಗೆ ಉಳಿದಿರೋದು ವಿಷಯವನ್ನು ದೇವರಿಗೆ ತಿಳಿಸುವುದು, ಕೃತಜ್ಞತೆಯ ಜೊತೆಗೆ.

ಎಷ್ಟು ಮಾಡಿದರೂ ಒಣಗಿದ ಹಾಗೆ ಅನ್ನಿಸುವ ದಿನಗಳು ಬರುತ್ತವೆ. ಆಗ ಮೊದಲು ಕೇಳಿಕೊಳ್ಳಬೇಕಾದ್ದು, ನಾನು ಸರಿಯಾಗಿ ನಿದ್ದೆ ಮಾಡಿದ್ದೀನಾ ಅಂತ. ನಗಬೇಡಿ. ಪ್ರವಾದಿ ಎಲೀಯ ಸಾಯಬೇಕು ಅಂತ ಗಿಡದ ಕೆಳಗೆ ಬಿದ್ದುಕೊಂಡಾಗ ದೇವದೂತನು ಅವನಿಗೆ ಬೋಧನೆ ಮಾಡಲಿಲ್ಲ. ಎದ್ದು ತಿನ್ನು ಅಂದ. ತಿಂದು ಮತ್ತೆ ಮಲಗಿದವನನ್ನು ಎರಡನೇ ಸಾರಿ ಎಬ್ಬಿಸಿ ಮತ್ತೆ ಊಟ ಕೊಟ್ಟ. ದೇವರು ಅವನ ಜೊತೆ ಮಾತಾಡಿದ್ದು ಆಮೇಲೆ (1 ಅರಸುಗಳು 19). ದೇಹ ದಣಿದಿದ್ದರೆ ಮಲಗಿ. ಮನಸ್ಸಿನ ಭಾರ ವಾರಗಟ್ಟಲೆ ಇಳಿಯದಿದ್ದರೆ ಪಾಸ್ಟರ್ ಹತ್ತಿರವೂ ಹೋಗಿ, ಡಾಕ್ಟರ್ ಹತ್ತಿರವೂ ಹೋಗಿ, ಅದು ಅವಿಶ್ವಾಸ ಅಲ್ಲ. ಸ್ವಂತ ಮಾತು ಬಾರದಿದ್ದರೆ 88ನೇ ಕೀರ್ತನೆ ಓದಿ. ಕತ್ತಲೆಯ ಮಾತಿನಲ್ಲೇ ಅದು ಮುಗಿಯುತ್ತೆ, ಕೊನೆಯಲ್ಲಿ ಒಂದು ಸ್ತೋತ್ರವೂ ಇಲ್ಲ. ಆದರೂ ಅದು ಪ್ರಾರ್ಥನೆಯೇ.

ಎಲ್ಲಿಂದ ಶುರು ಮಾಡೋದು ಅಂತಿದ್ದರೆ ಇವತ್ತು ರಾತ್ರಿ ಮಲಗುವ ಮುಂಚೆ 131ನೇ ಕೀರ್ತನೆ ತೆರೆದು, ಚೀಟಿ ಪೆನ್ನು ಪಕ್ಕದಲ್ಲೇ ಇಟ್ಟುಕೊಂಡು ಮಲಗಿ. ಅದರಲ್ಲಿ ಇರೋದು ಮೂರೇ ವಚನ. ನಡುವಿನದರಲ್ಲಿ ಮೊಲೆ ಬಿಟ್ಟ ಮಗುವೊಂದು ತಾಯಿಯ ಹತ್ತಿರ ಸುಮ್ಮನೆ ಇದೆ, ಹಾಲಿಗೂ ಅಳುತ್ತಿಲ್ಲ. ಬೆಳಿಗ್ಗೆ ಆ ಒಂದು ವಚನ ಗುಣುಗುಟ್ಟಿ. ನಡುವೆ ಮನಸ್ಸು ಓಡಿದರೆ ಎಲ್ಲಿಗೆ ಅಂತ ಬರೆದಿಡಿ.