ಆನೆಕಾಲು ರೋಗದ ಸಮೀಕ್ಷೆ: ನಾನು ನೋಡದೆ ಬಿಟ್ಟ ಜಾಗಗಳು

ಆನೆಕಾಲು ರೋಗ ಯಾವ ಮನೆಗೆ ಯಾಕೆ ಬರುತ್ತದೆ ಅಂತ ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಶುರುವಿನಲ್ಲಿ ನಾನು ಹುಡುಕುತ್ತಿದ್ದದ್ದು ಹೂಕುಂಡ, ಡ್ರಮ್ಮು, ಹಳೇ ಟೈರು. ಡೆಂಗಿ ಕೆಲಸ ಮಾಡಿ ಬಂದ ಅಭ್ಯಾಸ ಅದು. ಆದರೆ ಪೇಟೆಗಳಲ್ಲಿ ಆನೆಕಾಲು ಹರಡುವ ಕ್ಯೂಲೆಕ್ಸ್ ಸೊಳ್ಳೆಗೆ ಗಲೀಜು ನೀರೇ ಇಷ್ಟ. ಚರಂಡಿ, ಬಚ್ಚಲ ಗುಂಡಿ, ಸೆಪ್ಟಿಕ್ ಟ್ಯಾಂಕ್.

ಒಂದು ಮನೆಯ ಅಂಗಳ ತುಂಬಾ ಚೊಕ್ಕಟವಾಗಿತ್ತು. ಎಲ್ಲೂ ನೀರು ನಿಂತಿರಲಿಲ್ಲ. ‘ಟ್ಯಾಂಕ್ ಮುಚ್ಚಿದೆ’ ಅಂತ ಗುರುತು ಹಾಕಿ ಹೊರಟಿದ್ದೆ. ಮನೆಯವರು, "ಕತ್ತಲಾದ್ರೆ ಕೂರೋಕೇ ಆಗಲ್ಲ ಸರ್" ಅಂದರು. ಸಂಜೆ ವಾಪಸ್ ಹೋಗಿ ಒಂದು ಪ್ಲಾಸ್ಟಿಕ್ ಹಾಳೆಗೆ ಎಣ್ಣೆ ಸವರಿದೆ. ಟ್ಯಾಂಕಿನ ಚಪ್ಪಡಿಯಲ್ಲಿ ಬೆರಳೂ ತೂರದಷ್ಟು ಸಣ್ಣ ಬಿರುಕಿತ್ತು. ಅದರ ಮೇಲೆ ಹಾಳೆ ಕವುಚಿಟ್ಟೆ. ಗಾಳಿ ಕೊಳವೆಯ ಬಾಯಿಗೆ ತೆಳುಬಟ್ಟೆಯ ಚೀಲ ಕಟ್ಟಿದೆ. ಬೆಳಿಗ್ಗೆ ನೋಡಿದರೆ ಹಾಳೆಯ ಮೇಲೆ ಎಳ್ಳು ಚೆಲ್ಲಿದ ಹಾಗೆ ಸೊಳ್ಳೆಗಳು ಅಂಟಿಕೊಂಡಿದ್ದವು. ಚೀಲದೊಳಗೂ ಗುಂಯ್ ಅಂತಿತ್ತು. ಅವತ್ತಿನಿಂದ ‘ಮುಚ್ಚಿದೆ’ ಅನ್ನುವ ಪದವನ್ನು ನಾನು ಸುಮ್ನೆ ಬರೆಯುವುದಿಲ್ಲ. ಬಿರುಕು ಇದೆಯಾ, ಕೊಳವೆಗೆ ಜಾಲರಿ ಇದೆಯಾ ಅಂತ ಬೇರೆ ಬೇರೆ ಬರೆಯುತ್ತೇನೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ರೋಗ ಇದ್ದ ಮನೆಗಳಿಗೆ ಮಾತ್ರ ಹೋಗುತ್ತಿದ್ದೆ. ಎಲ್ಲಾ ಕಡೆ ಚರಂಡಿ ಕಂಡಿತು, ಚರಂಡಿಯೇ ಕಾರಣ ಅಂದುಕೊಂಡೆ. ಆಮೇಲೆ ರೋಗ ಇಲ್ಲದ ಪಕ್ಕದ ಮನೆಗಳನ್ನೂ ನೋಡಿದೆ. ಅವರ ಮುಂದೆಯೂ ಅದೇ ಚರಂಡಿ! ಹೋಲಿಸಿ ನೋಡಲು ಆರೋಗ್ಯವಾಗಿರುವ ಮನೆಯೂ ಬೇಕೇ ಬೇಕು. ಆಮೇಲೆ ನಾನು ಜಾಸ್ತಿ ಕೇಳಿದ್ದು ಮಲಗುವ ವಿಷಯ. ಯಾರು ಜಗುಲಿಯಲ್ಲಿ ಮಲಗುತ್ತಾರೆ, ಪರದೆ ಕಟ್ಟುತ್ತಾರಾ, ಕಟ್ಟಿದರೂ ಅದರಲ್ಲಿ ತೂತಿದೆಯಾ, ಮಾಡು ಮತ್ತು ಗೋಡೆಯ ನಡುವೆ ಸಂದಿ ಇದೆಯಾ. ಈ ಸೊಳ್ಳೆ ಕಚ್ಚುವುದು ರಾತ್ರಿ. ಸೊಳ್ಳೆಯಿಂದ ಮೈಗೆ ಸೇರಿ ಈ ರೋಗ ತರುವ ಹುಳುವಿನ ಮರಿಗಳೂ ಹೆಚ್ಚಿನ ಕಡೆ ರಾತ್ರಿಯೇ ರಕ್ತದಲ್ಲಿ ಓಡಾಡುತ್ತವೆ. ಅದಕ್ಕೇ ನಾವು ರಕ್ತದ ಹನಿ ತೆಗೆಯುವುದು ರಾತ್ರಿ 10ರಿಂದ 2ರೊಳಗೆ.

ಇಲ್ಲಿ ಒಂದು ಮಾತು. ಮಲೇರಿಯಾದ ಹಾಗೆ ಒಂದೆರಡು ಸಲ ಕಚ್ಚಿದ ಮಾತ್ರಕ್ಕೆ ಇದು ಸಾಮಾನ್ಯವಾಗಿ ಬರುವುದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಚ್ಚಿಸಿಕೊಂಡಿರಬೇಕು. ಒಳಗೆ ಬೆಳೆದ ಹುಳು 6ರಿಂದ 8 ವರ್ಷ ಬದುಕುತ್ತದೆ. ಸೋಂಕು ತಗಲುವುದು ಎಷ್ಟೋ ಸಲ ಚಿಕ್ಕ ವಯಸ್ಸಿನಲ್ಲಿ, ಕಾಲು ಊದುವುದು ದೊಡ್ಡವರಾದ ಮೇಲೆ. ಹಾಗಾದರೆ ಇವತ್ತಿನ ಮನೆಯನ್ನು ಮಾತ್ರ ನೋಡಿದರೆ ಏನು ಗೊತ್ತಾಗುತ್ತದೆ? ಕಾಲು ಊದಿದ್ದ ಒಬ್ಬ ಅಜ್ಜಿಯನ್ನು, "ಅಜ್ಜಿ, ಮದುವೆಗೆ ಮುಂಚೆ ಎಲ್ಲಿದ್ರಿ?" ಅಂತ ಕೇಳಿದೆ. "ಕೊಳಚೆ ಪಕ್ಕದಲ್ಲೇ ಕಣಪ್ಪಾ, ಒಂಬತ್ತು ಜನ ಒಂದೇ ಕೋಣೇಲಿ" ಅಂದರು. ಅವರ ಈಗಿನ ಮನೆಯಲ್ಲಿ ನನಗೆ ಯಾವ ದೋಷವೂ ಸಿಕ್ಕಿರಲಿಲ್ಲ. ಈಗ ನನ್ನ ಹಾಳೆಯಲ್ಲಿ ಹಳೇ ಮನೆಗೂ ಒಂದು ಕಾಲಂ ಇದೆ.

ಸರಿಪಡಿಸುವ ಕೆಲಸ ಕಷ್ಟದ್ದಲ್ಲ. ಬಿರುಕಿಗೆ ಸಿಮೆಂಟು, ಕೊಳವೆ ಬಾಯಿಗೆ ಜಾಲರಿ. ನೀರು ಹರಿಯದ ಮುಚ್ಚಿದ ಗುಂಡಿಗಳಿಗೆ ಥರ್ಮಾಕೋಲ್ ಕಾಳು ಹಾಕಿದರೆ ನೀರಿನ ಮೇಲೆ ಪದರ ಕಟ್ಟಿ ಸೊಳ್ಳೆಮರಿಗಳಿಗೆ ಉಸಿರಾಡಲು ಆಗುವುದಿಲ್ಲ. ಆಫ್ರಿಕಾದ ಜಾಂಜಿಬಾರ್ ದ್ವೀಪದ ಮಕುಂಡುಚಿ ಅನ್ನುವ ಊರಿನಲ್ಲಿ ಜನರಿಗೆ ಮಾತ್ರೆಯನ್ನೂ ಕೊಟ್ಟು, ಗುಂಡಿಗಳಿಗೆ ಈ ಕಾಳನ್ನೂ ಹಾಕಿ ರೋಗವನ್ನು ಚೆನ್ನಾಗಿ ಇಳಿಸಿದ್ದರು. ತೆರೆದ ಚರಂಡಿಗೆ ಮಾತ್ರ ಹಾಕಬೇಡಿ, ಕೊಚ್ಚಿಕೊಂಡು ಹೋಗುತ್ತದೆ.

ಆ ಅಜ್ಜಿಯ ಮೊಮ್ಮಗ ಜಗುಲಿಯಲ್ಲಿ, ಪರದೆ ಇಲ್ಲದೆ ಮಲಗುತ್ತಿದ್ದ. ಹೊರಡುವ ಮುಂಚೆ ನಾನೇ ನಾಲ್ಕು ಮೊಳೆ ಹೊಡೆದು ಅವನಿಗೊಂದು ಪರದೆ ಕಟ್ಟಿ ಬಂದೆ.