ಮಳೆ ರಜೆಯ ರಾತ್ರಿಯೂ ಮಲಗದ ಸೈಟು: ಶೇರ್ಡ್ ಹೋಸ್ಟಿಂಗ್‌ನಲ್ಲಿ ನನ್ನ ಅನುಭವ

ಜುಲೈ ತಿಂಗಳು, ರಾತ್ರಿ ಎಂಟೂವರೆ, ಘಟ್ಟದ ಮೇಲೂ ಕೆಳಗೂ ಮಳೆ. ನಾಳೆ ಶಾಲೆಗೆ ರಜೆ ಎಂಬ ಆದೇಶ ಬಂದ ಐದೇ ನಿಮಿಷಕ್ಕೆ ಶಿರಸಿ, ಕುಮಟಾ, ಕಾರವಾರದ ಗುಂಪುಗಳಲ್ಲೆಲ್ಲ ಲಿಂಕ್ ಓಡುತ್ತದೆ. ನಾನು ನೋಡಿಕೊಳ್ಳುವ, ವರ್ಡ್‌ಪ್ರೆಸ್‌ನಲ್ಲಿ ನಡೆಯುವ ಸುದ್ದಿ ಸೈಟಿನ ಲಿಂಕ್ ಅದಾದರೆ ಮೊದಲೆಲ್ಲ ಆರನೇ ನಿಮಿಷಕ್ಕೆ ಪುಟದ ಬದಲು 508 ಎಂಬ ದೋಷಸಂಖ್ಯೆ, ಸೈಟು ಮಲಗಿತು ಎಂದರ್ಥ. ಈ ಮಳೆಗಾಲ ಒಮ್ಮೆಯೂ ಮಲಗಲಿಲ್ಲ. ಹೋಸ್ಟಿಂಗ್ ಅದೇ, ಒಂದೇ ಸರ್ವರನ್ನು ಹಲವು ಸೈಟುಗಳು ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್, ವರ್ಷಕ್ಕೆ ನಾಲ್ಕು ಸಾವಿರದ ಆಸುಪಾಸು. ವಿಪಿಎಸ್ (ನಮ್ಮದೇ ಪಾಲಿನ ಪುಟ್ಟ ಸರ್ವರ್) ಇಲ್ಲದೆ ಆಗುವ ಮಾತಲ್ಲ ಎಂದವರು ತಿಂಗಳಿಗೆ ಸಾವಿರದ ಇನ್ನೂರು ಕಟ್ಟುತ್ತಿದ್ದಾರೆ, ಪ್ಯಾಚ್ ಹಾಕುವ ತಲೆಬಿಸಿ ಬೇರೆ.

ಪ್ರತಿ ಖಾತೆಗೂ ಮಿತಿ ಹಾಕುವ ಕ್ಲೌಡ್‌ಲಿನಕ್ಸ್ ಇರುವ ಸರ್ವರಿನಲ್ಲಿ 508 ಅಂದರೆ ಹೆಚ್ಚಾಗಿ ಎಂಟ್ರಿ ಪ್ರೊಸೆಸ್, ಅಂದರೆ ಒಳಬರುವ ಬಾಗಿಲುಗಳು, ಎಲ್ಲ ಭರ್ತಿ. ನನ್ನ ಪ್ಲ್ಯಾನಿಗೆ 20. ಓದುಗರು 20 ಎಂದಲ್ಲ, ಒಂದೇ ಕ್ಷಣಕ್ಕೆ ಒಳಗೆ ಕೂತಿರುವ ಪಿಎಚ್‌ಪಿ (ಪುಟ ಕಟ್ಟಿಕೊಡುವ ಪ್ರೋಗ್ರಾಂ) ವಿನಂತಿ 20. ಪುಟಕ್ಕೆ ಎರಡು ಸೆಕೆಂಡು ಹಿಡಿದರೆ ಸೆಕೆಂಡಿಗೆ ಹತ್ತೇ ಪುಟ. ರ‍್ಯಾಮ್ ಹೆಚ್ಚಿಸಿಕೊಂಡು ಇದನ್ನು ಸರಿ ಮಾಡುತ್ತೇನೆಂದು ಮೇಲಿನ ಪ್ಲ್ಯಾನಿಗೆ ಎರಡೂವರೆ ಸಾವಿರ ಹೆಚ್ಚು ಸುರಿದೆ. ಎಂಟ್ರಿ ಪ್ರೊಸೆಸ್ ಅಲ್ಲೂ 20ಕ್ಕೇ ನಿಂತಿತ್ತು. ಆ ದುಡ್ಡು ನೀರಿಗೆ ಹೋಯಿತು.

ದಾರಿ ಒಂದೇ: ಪಿಎಚ್‌ಪಿಯನ್ನು ಎಬ್ಬಿಸದೆ ಪುಟ ಕೊಡುವುದು. ಕ್ಯಾಶ್ ಪ್ಲಗಿನ್ (ಸಿದ್ಧ ಪುಟದ ಪ್ರತಿ ಇಟ್ಟುಕೊಳ್ಳುವ ಸೇರ್ಪಡೆ) ಬರೆದಿಟ್ಟ ಎಚ್‌ಟಿಎಂಎಲ್ ಫೈಲನ್ನು ಎಚ್‌ಟಿಆಕ್ಸೆಸ್ ಎಂಬ ಸೆಟ್ಟಿಂಗ್ ಫೈಲಿನ ನಿಯಮವೇ ನೇರ ಎತ್ತಿಕೊಡಬೇಕು. ಕೆಲವು ಪ್ಲಗಿನ್‌ಗಳಲ್ಲಿ ಕ್ಯಾಶ್ ಇದ್ದರೂ ಅದನ್ನು ಓದಿ ಕೊಡುವುದು ಪಿಎಚ್‌ಪಿಯೇ. ಪುಟ ಬೇಗ ಬರುತ್ತದೆ, ಆದರೆ ಬಾಗಿಲು ಬಳಕೆಯಾಗುತ್ತಲೇ ಇರುತ್ತದೆ.

ಇಷ್ಟು ಮಾಡಿಯೂ ಮುಂದಿನ ರಜೆಗೆ ಮತ್ತೆ ಮಲಗಿತು. ಯಾವ ವಿಳಾಸ ಯಾರು ಕೇಳಿದರೆಂದು ಬರೆದಿಡುವ ಆಕ್ಸೆಸ್ ಲಾಗ್ ಬಿಚ್ಚಿದರೆ ಅರ್ಧಕ್ಕರ್ಧ ಸಾಲುಗಳ ಬಾಲಕ್ಕೆ ಎಫ್‌ಬಿಸಿಎಲ್‌ಐಡಿ (fbclid). ಫೇಸ್‌ಬುಕ್‌ನಿಂದ ಬರುವ ಲಿಂಕಿಗೆಲ್ಲ ಅದು ಅಂಟಿಕೊಳ್ಳುತ್ತದೆ, ಕ್ಲಿಕ್ಕಿಗೊಂದು ಹೊಸ ಬಾಲ. ಕ್ಯಾಶ್ ನಿಯಮಕ್ಕೆ ಪ್ರತಿಯೊಂದೂ ಹೊಸ ವಿಳಾಸ, ಸೀದಾ ಪಿಎಚ್‌ಪಿಗೆ. ಬಾಲ ಇದ್ದರೂ ಲೆಕ್ಕಕ್ಕಿಡಬೇಡ ಎಂದು ಎರಡು ಸಾಲು ಸೇರಿಸಿದೆ. ಬಾಲಸಹಿತ ಕ್ಯಾಶ್ ಮಾಡುವ ಇನ್ನೊಂದು ಪ್ಲಗಿನ್ನನ್ನೂ ಪರೀಕ್ಷಿಸಿದ್ದೆ. ಅದು ನಾಲ್ಕೇ ದಿನದಲ್ಲಿ ಲಕ್ಷದ ಮೇಲೆ ಫೈಲು ಹೆತ್ತು ಐನೋಡ್ ಕೋಟಾ (ಖಾತೆಯಲ್ಲಿಡಬಹುದಾದ ಫೈಲುಗಳ ಮಿತಿ) ಮುಗಿಸಿ ಮೇಲ್ ಬರುವುದನ್ನೂ ನಿಲ್ಲಿಸಿತು.

ಹೆಚ್ಚು ದಿನ ತಿಂದದ್ದು ಮಾತ್ರ ಅಡಿಕೆ ಧಾರಣೆ. ದಿನಕ್ಕೊಂದು ಪೋಸ್ಟ್, ಶೀರ್ಷಿಕೆ ‘ಶಿರಸಿ ಮಾರುಕಟ್ಟೆಯಲ್ಲಿ ಇಂದಿನ ಅಡಿಕೆ ಧಾರಣೆ’, ಕೊನೆಗೆ ತಾರೀಕು. ‘ಪ್ರಕಟಿಸು’ ಒತ್ತಿದರೆ ಮೂರ್ನಾಲ್ಕು ಸೆಕೆಂಡು ಚಕ್ರ ತಿರುಗುತ್ತಿತ್ತು. ಡೇಟಾಬೇಸಿಗೆ ಹೋಗುವ ಪ್ರಶ್ನೆಗಳನ್ನೆಲ್ಲ ಬರೆದಿಡುವ ಕ್ವೆರಿ ಲಾಗ್ ಹಾಕಿ ಕೂತೆ. ಕನ್ನಡದ ಒಂದು ಅಕ್ಷರಕ್ಕೆ ಯುಟಿಎಫ್-8ರಲ್ಲಿ ಮೂರು ಬೈಟ್, ಸ್ಲಗ್‌ನಲ್ಲಿ (ಶೀರ್ಷಿಕೆಯಿಂದ ಆಗುವ, ಪುಟದ ವಿಳಾಸದ ತುಂಡು) ಪರ್ಸೆಂಟ್ ಗುರುತು ಸೇರಿ ಒಂಬತ್ತು ಸ್ಥಾನ. ಗುಡಿಸು, ಏತ್ವ, ಒತ್ತು ಕೊಡುವ ಹಲಂತ, ಎಲ್ಲಕ್ಕೂ ಬೇರೆ ಬೇರೆ ಒಂಬತ್ತು. ವರ್ಡ್‌ಪ್ರೆಸ್ಸಿನ ಸ್ಲಗ್ ಕಾಲಮ್ಮೋ 200ಕ್ಕೆ ಮುಗಿಯಿತು. ‘ಶಿರಸಿ’ಗೆ 45, ‘ಮಾರುಕಟ್ಟೆಯಲ್ಲಿ’ಗೆ 126, ನಡುವಿನ ಗೀಟು ಎರಡು. ಉಳಿದ 27ರಲ್ಲಿ ‘ಇಂದ’ ಎನ್ನುವಷ್ಟರಲ್ಲಿ ಕತ್ತರಿ. ತಾರೀಕು ಸ್ಲಗ್‌ವರೆಗೆ ಬರುವುದೇ ಇಲ್ಲ. ಹಾಗಾಗಿ ದಿನವೂ ಅದೇ ಸ್ಲಗ್, ಬಾಲಕ್ಕೆ 2, 3, 4. ಖಾಲಿ ಸಂಖ್ಯೆ ಸಿಗುವ ತನಕ ವರ್ಡ್‌ಪ್ರೆಸ್ ಒಂದೊಂದನ್ನೇ ಡೇಟಾಬೇಸಿಗೆ ಕೇಳುತ್ತ ಹೋಗುತ್ತದೆ. ಎರಡು ವರ್ಷದಲ್ಲಿ 600ರಷ್ಟು ಪೋಸ್ಟ್ ಆಗಿತ್ತು, ಅಂದರೆ ಒಂದು ಪ್ರಕಟಣೆಗೆ 600 ಕ್ವೆರಿ.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಬಾಲದ ಸಂಖ್ಯೆಗೆ ಜಾಗ ಬಿಡಲು ಸ್ಲಗ್ ಇನ್ನೊಂದು ಅಕ್ಷರ ಕಳೆದುಕೊಂಡು ‘ಇಂ’ಗೆ ನಿಲ್ಲುತ್ತದೆ. ಎಣಿಸಿ ನೋಡಿ, ಸರಿಯಾಗಿ 191. ಆ ಕಾಲಮ್ಮಿನ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಡುವ ಸೂಚಿ) ನೋಡುವುದೂ ಮೊದಲ 191 ಮಾತ್ರ! ಇಂಡೆಕ್ಸಿನ ಕಣ್ಣಿಗೆ ಆರುನೂರೂ ಒಂದೇ. ಪ್ರತಿ ಕ್ವೆರಿಯೂ ಸಾಲುಸಾಲಾಗಿ ಹುಡುಕಬೇಕು. ಕ್ಯಾಶ್‌ನಲ್ಲಿಲ್ಲದ ಹಳೆ ಧಾರಣೆ ಪುಟ ಯಾರೋ ತೆರೆದರೂ ಇದೇ ಹುಡುಕಾಟ. ಇದನ್ನು ಪತ್ತೆ ಮಾಡಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮದ್ದು ಸರಳ: ಶೀರ್ಷಿಕೆ ಕನ್ನಡದಲ್ಲೇ ಇರಲಿ, ಸ್ಲಗ್ ಇಂಗ್ಲಿಷಿನಲ್ಲಿ, ತಾರೀಕು ಮೊದಲು. ಹಳೆಯವನ್ನು ಅವಸರಕ್ಕೆ ನೇರ ಡೇಟಾಬೇಸಿನಲ್ಲೇ, ಎಸ್‌ಕ್ಯೂಎಲ್‌ನಲ್ಲಿ, ಬದಲಿಸಿದ್ದು ಎಡವಟ್ಟಾಯಿತು. ಎಡಿಟರಿನಲ್ಲಿ ಬದಲಿಸಿದರೆ ವರ್ಡ್‌ಪ್ರೆಸ್ ಹಳೆ ಸ್ಲಗ್ ನೆನಪಿಟ್ಟು ದಾರಿ ತೋರಿಸುತ್ತದೆ, ಎಸ್‌ಕ್ಯೂಎಲ್‌ನಲ್ಲಿ ಬದಲಿಸಿದರೆ ಇಲ್ಲ. ಎರಡು ದಿನ ಬರೀ ‘ಪುಟ ಇಲ್ಲ’ ಎನ್ನುವ 404. ಆ 404 ಪುಟ ಕ್ಯಾಶ್ ಆಗುತ್ತಿರಲಿಲ್ಲ, ಪ್ರತಿಯೊಂದೂ ಪಿಎಚ್‌ಪಿಯನ್ನೇ ತಿನ್ನುತ್ತಿತ್ತು.

ಓದುಗರ ಲೆಕ್ಕ ತೋರಿಸುವ ಕೌಂಟರ್ ಕಿತ್ತೆಸೆದೆ. ಅದರ ಡೇಟಾಬೇಸ್ ಟೇಬಲ್ ಹಳೆ ಮೈಐಸ್ಯಾಮ್ ಮಾದರಿಯದು, ಒಂದು ಅಂಕೆ ಬರೆಯಲು ಇಡೀ ಟೇಬಲ್ಲಿಗೇ ಬೀಗ. ಮಾಲೀಕರಿಗೆ ಬೇಜಾರಾಯಿತು, ಆಗಲಿ. ಓದುಗರು ಬಂದಾಗ ಹಿನ್ನೆಲೆ ಕೆಲಸ ಓಡಿಸುವ ಡಬ್ಲ್ಯುಪಿ-ಕ್ರಾನ್ ನಿಲ್ಲಿಸಿ, ಆ ಕೆಲಸವನ್ನು ಹೋಸ್ಟಿಂಗ್ ನಿಯಂತ್ರಣ ಫಲಕವಾದ ಸಿಪ್ಯಾನೆಲ್‌ನ ಕ್ರಾನ್‌ಗೆ (ಹೊತ್ತಿಗೆ ಸರಿಯಾಗಿ ಓಡಿಸುವ ವ್ಯವಸ್ಥೆ) ಹಾಕಿದೆ. ಗಡಿಯಾರ ನೋಡಿಕೊಳ್ಳಿ ಅಷ್ಟೆ. ನಮ್ಮ ಸರ್ವರ್ ಯುಟಿಸಿಯಲ್ಲಿತ್ತು, ನಸುಕಿನ 3ಕ್ಕೆಂದು ಇಟ್ಟ ಬ್ಯಾಕಪ್ ಇಲ್ಲಿ ಬೆಳಗಿನ 8.30ಕ್ಕೆ, ಜನ ರಜೆ ನೋಡುವ ಹೊತ್ತಿಗೇ, ಐಒ (ಡಿಸ್ಕ್ ಓದುವ, ಬರೆಯುವ ಮಿತಿ) ಪೂರ್ತಿ ನುಂಗುತ್ತಿತ್ತು. ನಿಮಿಷವನ್ನು ಸೊನ್ನೆಗೆ ಇಡಬೇಡಿ. ಅದೇ ಸರ್ವರಿನ ನೆರೆಹೊರೆಯವರೆಲ್ಲ ಸೊನ್ನೆಗೇ ಇಟ್ಟಿರುತ್ತಾರೆ. ನನ್ನವು 7, 23, 41.

ಸೈಟಿಗೂ ಓದುಗರಿಗೂ ನಡುವೆ ನಿಂತು ಪುಟ ಕೊಡುವ ಕ್ಲೌಡ್‌ಫ್ಲೇರ್‌ನ ಉಚಿತ ಪ್ಲ್ಯಾನನ್ನೂ ಮುಂದೆ ನಿಲ್ಲಿಸಿದೆ. ನಾವಾಗಿ ಹೇಳದಿದ್ದರೆ ಅದು ಎಚ್‌ಟಿಎಂಎಲ್ ಕ್ಯಾಶ್ ಮಾಡುವುದಿಲ್ಲ, ಕ್ಯಾಶ್ ರೂಲ್ ಬರೆಯಲೇಬೇಕು, ಲಾಗಿನ್ ಕುಕಿ ಇದ್ದವರನ್ನು ಹೊರಗಿಟ್ಟು. ಒಂದು ವಾರ ಚೆನ್ನಾಗಿತ್ತು, ಆಮೇಲೆ 522, ಅಂದರೆ ನಮ್ಮ ಸರ್ವರ್ ಕ್ಲೌಡ್‌ಫ್ಲೇರ್‌ಗೆ ಓಗೊಡುತ್ತಿಲ್ಲ. ಹೋಸ್ಟಿನವರ ಫೈರ್‌ವಾಲ್ ಕ್ಲೌಡ್‌ಫ್ಲೇರ್‌ನ ಕೆಲವೇ ಐಪಿ ವಿಳಾಸಗಳಿಂದ ಇಷ್ಟೊಂದು ವಿನಂತಿ ಕಂಡು ದಾಳಿ ಎಂದುಕೊಂಡು ಬಾಗಿಲು ಹಾಕಿತ್ತು. ಆ ಐಪಿಗಳನ್ನು ಬಿಳಿಪಟ್ಟಿಗೆ ಸೇರಿಸಿ ಎಂದು ಅವರಿಗೆ ನಾಲ್ಕು ಟಿಕೆಟ್ ಬರೆದೆ. ಪ್ಲ್ಯಾನ್ ಅಪ್‌ಗ್ರೇಡ್ ಮಾಡಿ ಎಂಬುದು ಮೂರಕ್ಕೆ ಬಂದ ಉತ್ತರ.

ನಡುವೆ ಗೋಕರ್ಣದ ಹೋಮ್‌ಸ್ಟೇ ಒಂದರ ಬುಕಿಂಗನ್ನು ಇದೇ ಖಾತೆಯಲ್ಲಿ ಪಿಎಚ್‌ಪಿ ಬದಲು ನೋಡ್‌ಜೆಎಸ್‌ನಲ್ಲಿ, ಅಂಥ ಪ್ರೋಗ್ರಾಂ ಓಡಿಸುವ ಪ್ಯಾಸೆಂಜರ್ ಕೆಳಗೆ ಓಡಿಸಿ ನೋಡಿದೆ. ಯಾರೂ ಬಾರದಿದ್ದರೆ ಪ್ರೊಸೆಸ್ ಮಲಗುತ್ತದೆ, ಮೊದಲು ಬಂದವನಿಗೆ ಎಂಟು ಸೆಕೆಂಡು ಬಿಳಿ ಪರದೆ. ಎಚ್ಚರವಾಗಿಡಲು ಕ್ರಾನ್‌ನಿಂದ ತಟ್ಟಿದರೆ 130 ಎಂಬಿ ಮೆಮೊರಿ ಸದಾ ಹಿಡಿದು ಕೂರುತ್ತದೆ. ಕೊನೆಗೆ ಖಾಲಿ ಕೋಣೆಗಳ ಪಟ್ಟಿಯನ್ನು ಹತ್ತು ನಿಮಿಷಕ್ಕೊಮ್ಮೆ ಜೇಸನ್ ಎಂಬ ಸರಳ ದತ್ತಾಂಶದ ಫೈಲಿಗೆ ಬರೆಯುವಂತೆ ಮಾಡಿ, ನೋಡ್ ಎತ್ತಿಟ್ಟೆ. ಧಾರಣೆಯ ಹಳೆ ಅಂಕಿಗಳನ್ನು ಒಂದೇ ಫೈಲಿನ ಡೇಟಾಬೇಸಾದ ಎಸ್‌ಕ್ಯೂಲೈಟ್‌ಗೆ ಹಾಕಿದ್ದು ಮಾತ್ರ ಗೆದ್ದಿತು. ಓದುವುದಷ್ಟೇ ಇದ್ದರೆ ಅದರಷ್ಟು ಸಾಧು ಇನ್ನೊಂದಿಲ್ಲ.

ರಜೆಯ ಪುಟವನ್ನು ಪ್ರಕಟಿಸಿದ ಗಳಿಗೆಗೆ ಕ್ಯಾಶ್ ಅಳಿಯುತ್ತದಲ್ಲ, ಆಗ ನೂರು ಜನ ಒಟ್ಟಿಗೆ ನುಗ್ಗದಂತೆ ಮಾಡಿದ ಉಪಾಯ ಒಂದಿದೆ. ಅದನ್ನಿಲ್ಲಿ ಬರೆಯುವುದಿಲ್ಲ, ನನ್ನ ವಾರ್ಷಿಕ ನಿರ್ವಹಣೆಯ ಆರು ಸಾವಿರ ನಿಂತಿರುವುದೇ ಅದರ ಮೇಲೆ.

ಈಗ ಲಾಗಿನ್ ಇಲ್ಲದ ನೂರು ವಿನಂತಿಯಲ್ಲಿ ಪಿಎಚ್‌ಪಿ ಮುಟ್ಟುವುದು ಮೂರೋ ನಾಲ್ಕೋ. ರಜೆಯ ರಾತ್ರಿ ಎಂಟ್ರಿ ಪ್ರೊಸೆಸ್ 6 ದಾಟಿದ್ದು ನೋಡಿಲ್ಲ. ಮುಂದಿನ ಮಾರಿಕಾಂಬಾ ಜಾತ್ರೆಗೆ ಮಾಲೀಕರಿಗೆ ಫೋಟೋ ಗ್ಯಾಲರಿ ಬೇಕಂತೆ. 12 ಮೆಗಾಪಿಕ್ಸೆಲ್ಲಿನ ಒಂದು ಫೋಟೋ ಬಿಚ್ಚಿದರೆ ಮೆಮೊರಿಯಲ್ಲಿ 48 ಎಂಬಿ, ಥಂಬ್‌ನೇಲ್ ಕತ್ತರಿಸುವಾಗ ಇನ್ನೂ ಮೇಲೆ. ನಾಲ್ಕು ಜನ ಒಟ್ಟಿಗೆ ಏರಿಸಿದರೆ ಮುಗಿಯಿತು. ಫೋನಿನಲ್ಲೇ 1200 ಪಿಕ್ಸೆಲ್ಲಿಗೆ ಇಳಿಸಿ ಕಳಿಸಿದರೆ ಮಾತ್ರ ಹಾಕುತ್ತೇನೆ ಎಂದಿದ್ದೇನೆ, ಇನ್ನೂ ಒಪ್ಪಿಲ್ಲ.